ಹಾಲು ಬತ್ತಿಸುವಾಗ ಹಾಕಿದ ಔಷಧ ಹಾಲಿಗೆ ಬಾರದಿರಲಿ

(ರಾಯಚೂರು ಜಿಲ್ಲೆಯ ಅರಕೇರಾದಲ್ಲಿ ಹೈನುಗಾರ ರೈತರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ನಾನು ಬೇಸಾಯಶಾಸ್ತ್ರದ ಅಧ್ಯಾಪಕ. ಜೋಳ, ಹತ್ತಿ, ತೊಗರಿ, ಮೇವಿನ ಬೆಳೆಗಳು ನನ್ನ ವಿಷಯ. ದನದ ಡಾಕ್ಟರು ಹೇಳಬೇಕಾದ ಮಾತನ್ನು ಇವರು ಏಕೆ ಹೇಳುತ್ತಾರೆ ಎಂದು ನಿಮಗೆ ಅನಿಸಬಹುದು. ಅದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಆಕಳಿನ ಹಾಲು ಬತ್ತಿಸುವ ಕೆಲಸ ಔಷಧದಿಂದಲ್ಲ, ಮೇವಿನಿಂದ ಆರಂಭವಾಗುತ್ತದೆ. ಎರಡನೆಯದು, ಈ ವಿಷಯದಲ್ಲಿ ನಮ್ಮ ಮನೆಯಲ್ಲೇ ಒಂದು ತಪ್ಪು ನಡೆದಿದೆ, ಅದರಲ್ಲಿ ನನ್ನ ಪಾಲೂ ಇದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಅಕ್ಕನ ಮನೆಯ ಗಿಣ್ಣ

ನಮ್ಮ ಅಕ್ಕನ ಮನೆಯಲ್ಲಿ ಒಂದು ಮಿಶ್ರತಳಿ ಆಕಳಿತ್ತು. ಅದಕ್ಕೆ ಗರ್ಭಧಾರಣೆ ಮಾಡಿಸಿದ ಮೇಲೆ ಮತ್ತೆ ಬೆದೆಗೆ ಬಂದಂತೆ ಕಂಡಿತು. ಮೊದಲ ಸಲದಿಂದ 42 ದಿನಕ್ಕೆ ಎರಡನೆಯ ಸಲ ಸೂಜಿ ಹಾಕಿಸಿದರು. ಆಕಳು ಮೊದಲ ಸಲಕ್ಕೇ ಗಬ್ಬವಾಗಿತ್ತು. ಅದು ಯಾರಿಗೂ ತಿಳಿಯಲಿಲ್ಲ, ಗಬ್ಬ ಪರೀಕ್ಷೆ ಮಾಡಿಸಲಿಲ್ಲ. ಮನೆಯವರೆಲ್ಲ ಎರಡನೆಯ ತಾರೀಖನ್ನೇ ಹಿಡಿದು ಲೆಕ್ಕ ಹಾಕಿದರು.

ಈಯಲು ಇನ್ನೂ ಎರಡು ತಿಂಗಳಿದೆ ಎಂದು ತಿಳಿದು ನಮ್ಮ ಭಾವನವರು ಅಂಗಡಿಯಿಂದ ನಾಲ್ಕು ಟ್ಯೂಬು ತಂದರು. ಹಾಕುವ ಮುಂಚೆ ನನಗೆ ಫೋನು ಮಾಡಿ, 'ಹಾಲು ಬತ್ತಿಸೋ ಟ್ಯೂಬು ಹಾಕಬಹುದೇನು?' ಎಂದು ಕೇಳಿದರು. ನಾನು 'ಹಾಕಬಹುದು' ಎಂದೆ. ಯಾವ ಔಷಧ, ಯಾವ ತಾರೀಖು, ಡಾಕ್ಟರು ನೋಡಿದ್ದಾರೆಯೇ ಎಂದು ಕೇಳಲಿಲ್ಲ. ಕೇಳಬೇಕಾಗಿತ್ತು.

ಟ್ಯೂಬು ಹಾಕಿದ 18ನೆಯ ದಿನ ಆಕಳು ಈದಿತು. ಕರು ಚೆನ್ನಾಗಿತ್ತು, ಮನೆಯಲ್ಲಿ ಸಂತೋಷ. ನಮ್ಮ ಕಡೆಯ ಪದ್ಧತಿಯಂತೆ ಅಕ್ಕ ಗಿಣ್ಣ ಕಾಸಿ ಓಣಿಯ ಮನೆಗಳಿಗೆಲ್ಲ ಕೊಟ್ಟಳು. ಐದನೆಯ ದಿನದಿಂದ ಸಂಘಕ್ಕೆ ಹಾಲು ಹಾಕತೊಡಗಿದರು. ಎಂಟನೆಯ ದಿನ ನಾನು ಹೋದಾಗ ಅಕ್ಕ ಹೇಳಿದಳು: 'ತಮ್ಮಾ, ಮೂರು ದಿನ ಆತು, ಹೆಪ್ಪು ಹಿಡೀವಲ್ದು. ಬಾಜೂ ಮನೀ ಹೆಪ್ಪು ತಂದ್ ಹಾಕಿದ್ರೂ ನೀರ್ ನೀರಾಗೇ ಇರ್ತೈತಿ. ಯಾರ ಕಣ್ಣು ಬಿತ್ತೋ ಏನೋ.'

ಕಣ್ಣು ಯಾರದೂ ಬಿದ್ದಿರಲಿಲ್ಲ. ಗೂಡಿನಲ್ಲಿಟ್ಟಿದ್ದ ಟ್ಯೂಬಿನ ಡಬ್ಬಿ ತೆಗೆಸಿ ನೋಡಿದೆ. ಅದರ ಮೇಲೆ ಸ್ಪಷ್ಟವಾಗಿ ಬರೆದಿತ್ತು: ಈಯುವುದಕ್ಕೆ 42 ದಿನ ಮುಂಚಿತವಾಗಿ ಹಾಕಬೇಕು, ಈದ ಮೇಲೆ 4 ದಿನ ಹಾಲು ಉಪಯೋಗಿಸಬಾರದು. ಅಂದರೆ ಔಷಧ ಹಾಕಿದಂದಿನಿಂದ ಒಟ್ಟು 46 ದಿನ ಆ ಕೆಚ್ಚಲಿನ ಹಾಲು ಮನುಷ್ಯರ ಬಾಯಿಗೆ ಹೋಗಬಾರದಾಗಿತ್ತು. ಆಕಳು 18ಕ್ಕೆ ಈದಿತ್ತು. ಉಳಿದದ್ದು 28 ದಿನ. ಅದರಲ್ಲಿ ಮೊದಲ 4 ದಿನದ ಹಾಲು ಗಿಣ್ಣವಾಗಿ ಓಣಿಗೆ ಹೋಗಿತ್ತು, ಮುಂದಿನ 3 ದಿನದ್ದು ಸಂಘದ ಕ್ಯಾನಿಗೆ ಹೋಗಿತ್ತು.

ಇಲ್ಲಿ ಒಂದು ಸಂಗತಿಯನ್ನು ತಾಯಂದಿರು ಗಮನಿಸಬೇಕು. ಗಿಣ್ಣ ಗಟ್ಟಿಯಾಗುವುದು ಶಾಖದಿಂದ. ಮೊಸರು ಗಟ್ಟಿಯಾಗುವುದು ಹೆಪ್ಪಿನಲ್ಲಿರುವ ಜೀವಾಣುಗಳಿಂದ. ಪ್ರತಿಜೀವಕ ಔಷಧ, ಅಂದರೆ ಆಂಟಿಬಯೋಟಿಕ್, ಹಾಲಿನಲ್ಲಿದ್ದರೆ ಆ ಜೀವಾಣುಗಳು ಸಾಯುತ್ತವೆ, ಮೊಸರು ಆಗುವುದಿಲ್ಲ. ಆದರೆ ಗಿಣ್ಣ ಮಾತ್ರ ಎಂದಿನಂತೆ ಚೆನ್ನಾಗಿಯೇ ಆಗುತ್ತದೆ. ಆದುದರಿಂದ ಗಿಣ್ಣ ನಮಗೆ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಮೊಸರೂ ಪೂರ್ತಿ ನಂಬಿಕೆಯ ಪರೀಕ್ಷೆಯಲ್ಲ. ಔಷಧ ಸ್ವಲ್ಪವೇ ಇದ್ದರೆ ಹೆಪ್ಪು ಹಿಡಿಯುತ್ತದೆ, ಆದರೂ ಅದು ಕಾನೂನಿನ ಮಿತಿಗಿಂತ ಹೆಚ್ಚಾಗಿರಬಹುದು.

ಉಳಿದ 21 ದಿನ ಅಕ್ಕನ ಮನೆಯವರು ಹಾಲು ಹಾಕಲಿಲ್ಲ. ದಿನಕ್ಕೆ 8 ಲೀಟರಿನಂತೆ 168 ಲೀಟರ್ ಹಾಲು ಮಣ್ಣು ಪಾಲಾಯಿತು. ಭಾವನವರು ಸಂಘಕ್ಕೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿ ಬಂದರು. ಹೇಳಲು ನಾಚಿಕೆಯಾಯಿತು, ಆದರೂ ಹೇಳಿದರು. ಆದರೆ ಆಗಲೇ ಹಾಕಿದ್ದ ಮೂರು ದಿನದ ಹಾಲು ಯಾವ ಊರಿನ ಯಾವ ಕೂಸಿನ ಬಟ್ಟಲಿಗೆ ಹೋಯಿತೋ ಈಗ ಯಾರೂ ಹೇಳಲಾರರು. ಇದೇ ನನ್ನನ್ನು ಇಂದು ನಿಮ್ಮ ಮುಂದೆ ನಿಲ್ಲಿಸಿದ ಸಂಗತಿ.

ಹಾಲು ಬತ್ತಿಸುವುದು ಏಕೆ?

ಹಳೆಯ ನಾಟಿ ಆಕಳುಗಳು ಗಬ್ಬದ ಕೊನೆಯ ತಿಂಗಳುಗಳಲ್ಲಿ ತಾವಾಗಿಯೇ ಹಾಲು ಬತ್ತುತ್ತಿದ್ದವು. ಈಗಿನ ಮಿಶ್ರತಳಿ ಆಕಳುಗಳು ಈಯುವ ದಿನದವರೆಗೂ ಹಾಲು ಕೊಡುವುದುಂಟು. ಹಾಗೆ ಹಿಂಡಿದರೆ ಕೆಚ್ಚಲಿಗೆ ವಿಶ್ರಾಂತಿ ಸಿಗುವುದಿಲ್ಲ, ಮುಂದಿನ ಸೂಲಿನ ಹಾಲು ಕಡಿಮೆಯಾಗುತ್ತದೆ. ಹೊಟ್ಟೆಯ ಕರು ಬಹಳವಾಗಿ ಬೆಳೆಯುವುದೂ ಇದೇ ಕಾಲದಲ್ಲಿ. ಆದ್ದರಿಂದ ಈಯುವುದಕ್ಕೆ ಸುಮಾರು 60 ದಿನ ಮುಂಚೆ ಹಾಲು ನಿಲ್ಲಿಸಬೇಕು.

ಹಾಲು ನಿಂತ ಮೊದಲ ಕೆಲವು ದಿನ ಮತ್ತು ಈಯುವ ಹತ್ತಿರದ ದಿನಗಳಲ್ಲಿ ಕೆಚ್ಚಲು ಬಾವಿನ ರೋಗಾಣುಗಳು ಒಳಹೊಗುವುದು ಹೆಚ್ಚು. ಅದನ್ನು ತಡೆಯಲೆಂದೂ, ಮೊದಲೇ ಒಳಗೆ ಅಡಗಿರುವ ರೋಗಾಣುಗಳನ್ನು ಕೊಲ್ಲಲೆಂದೂ ಕೊನೆಯ ಸಲ ಹಿಂಡಿದ ಮೇಲೆ ಪ್ರತಿ ಮೊಲೆಗೂ ಒಂದೊಂದು ಟ್ಯೂಬು ಔಷಧ ಹಾಕುವ ಪದ್ಧತಿ ಬಂದಿದೆ. ಹಾಲು ಕೊಡುವ ಆಕಳಿಗೆ ಹಾಕುವ ಟ್ಯೂಬು ಬೇರೆ, ಬತ್ತಿಸುವಾಗ ಹಾಕುವ ಟ್ಯೂಬು ಬೇರೆ. ಎರಡನೆಯದರಲ್ಲಿ ಔಷಧವು ವಾರಗಟ್ಟಲೆ ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡಿರುತ್ತಾರೆ. ಅದರ ಗುಣವೂ ಅದೇ, ಅಪಾಯವೂ ಅದೇ. ಹಿಂಡುವ ಆಕಳಿಗೆ ಈ ಟ್ಯೂಬನ್ನು ಎಂದೂ ಹಾಕಬಾರದು.

ಒಂದು ಟ್ಯೂಬಿನ ಲೆಕ್ಕ

ಬತ್ತಿಸುವ ಟ್ಯೂಬುಗಳಲ್ಲಿ ಸಾಮಾನ್ಯವಾದ ಒಂದು ಔಷಧ ಕ್ಲೋಕ್ಸಾಸಿಲಿನ್. ಒಂದು ಟ್ಯೂಬಿನಲ್ಲಿ ಅದು 500 ಮಿಲಿಗ್ರಾಂ ಇರುವುದುಂಟು. ಯುರೋಪಿನ ದೇಶಗಳು ಈ ಔಷಧಕ್ಕೆ ಇಟ್ಟಿರುವ ಮಿತಿ ಒಂದು ಕಿಲೋ ಹಾಲಿಗೆ 30 ಮೈಕ್ರೋಗ್ರಾಂ. ಒಂದು ಮಿಲಿಗ್ರಾಂ ಎಂದರೆ ಸಾವಿರ ಮೈಕ್ರೋಗ್ರಾಂ. ಹಾಗಾದರೆ 500 ಮಿಲಿಗ್ರಾಂ ಔಷಧ 16,000 ಕಿಲೋಗೂ ಹೆಚ್ಚು ಹಾಲನ್ನು ಆ ಮಿತಿಗೆ ಮುಟ್ಟಿಸಬಲ್ಲದು. ಒಂದು ಟ್ಯೂಬಿನ ಔಷಧವೆಲ್ಲ ಒಮ್ಮೆಗೇ ಹಾಲಿಗೆ ಬರುವುದಿಲ್ಲ ಎಂಬುದು ನಿಜ. ಆದರೂ ಒಂದು ಮನೆಯ ಒಂದು ಚೊಂಬು ಹಾಲು ಊರಿನ ಕ್ಯಾನುಗಳನ್ನೆಲ್ಲ ಹೇಗೆ ಕೆಡಿಸಬಲ್ಲದು ಎಂಬುದಕ್ಕೆ ಈ ಲೆಕ್ಕ ಸಾಕು. ಪೆನಿಸಿಲಿನ್ನಿಗೆ ಅಂತರರಾಷ್ಟ್ರೀಯ ಆಹಾರ ಸಂಹಿತೆಯ ಮಿತಿ ಇನ್ನೂ ಬಿಗಿ, ಲೀಟರಿಗೆ 4 ಮೈಕ್ರೋಗ್ರಾಂ ಮಾತ್ರ.

'ಚೆನ್ನಾಗಿ ಕಾಸಿದರೆ ಹೋಗುವುದಿಲ್ಲವೇ?' ಎಂದು ಕೇಳುವವರಿದ್ದಾರೆ. ಹೋಗುವುದಿಲ್ಲ. ಕುದಿಸುವುದರಿಂದ ರೋಗಾಣು ಸಾಯುತ್ತವೆ, ಔಷಧ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಡೈರಿಯಲ್ಲಿ ಪಾಶ್ಚರೀಕರಣ ಮಾಡಿದರೂ ಅಷ್ಟೇ.

ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿತು. ಅವುಗಳಲ್ಲಿ 77 ಮಾದರಿಗಳಲ್ಲಿ ಪ್ರತಿಜೀವಕಗಳು ಮಿತಿ ಮೀರಿದ್ದವು. ನೂರಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚು. ಸಂಖ್ಯೆ ಸಣ್ಣದೆಂದು ಸಮಾಧಾನ ಪಡುವುದಕ್ಕಿಂತ, ಆ ಒಂದು ನಮ್ಮ ಮನೆಯದಾಗಬಾರದು ಎಂದು ಎಚ್ಚರ ವಹಿಸುವುದು ಲೇಸು.

ಇದರಿಂದ ಆಗುವ ಕೇಡೇನು?

ಮೊದಲನೆಯದಾಗಿ, ಕೆಲವರ ಮೈಗೆ ಪೆನಿಸಿಲಿನ್ ಜಾತಿಯ ಔಷಧಗಳು ಒಗ್ಗುವುದಿಲ್ಲ. ಅಂಥವರಿಗೆ ಹಾಲಿನಲ್ಲಿ ಬಂದ ಅಲ್ಪ ಪ್ರಮಾಣದಿಂದಲೂ ಮೈಮೇಲೆ ದದ್ದು, ತುರಿಕೆ ಬರಬಹುದು.

ಎರಡನೆಯದಾಗಿ, ಸ್ವಲ್ಪ ಸ್ವಲ್ಪವಾಗಿ ಔಷಧ ಒಳಗೆ ಹೋಗುತ್ತಿದ್ದರೆ ರೋಗಾಣುಗಳು ಅದಕ್ಕೆ ಬಗ್ಗದಂತಾಗುತ್ತವೆ. ಹತ್ತಿ ಬೆಳೆದ ನಿಮಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಔಷಧವನ್ನು ಮತ್ತೆ ಮತ್ತೆ ಸಿಂಪಡಿಸಿದಾಗ ಕಾಯಿಕೊರಕ ಹುಳು ಸಾಯದಾದದ್ದನ್ನು ನೀವೇ ಕಂಡಿದ್ದೀರಿ. ರೋಗಾಣುಗಳ ಕಥೆಯೂ ಅದೇ. ಮುಂದೆ ನಮ್ಮ ಮಕ್ಕಳಿಗೆ ಜ್ವರ ಬಂದಾಗ ಅದೇ ಔಷಧ ಕೆಲಸ ಮಾಡದೆ ಹೋಗಬಹುದು.

ಮೂರನೆಯದಾಗಿ, ಡೈರಿಗೆ ಹೋದ ಹಾಲಿನಿಂದ ಮೊಸರು, ಮಜ್ಜಿಗೆ ಆಗುವುದಿಲ್ಲ. ಪರೀಕ್ಷೆಯಲ್ಲಿ ಸಿಕ್ಕರೆ ಹಾಲು ತಿರಸ್ಕೃತವಾಗುತ್ತದೆ. ಆಗ ತಪ್ಪು ಮಾಡಿದವನೊಬ್ಬನ ಹಾಲಷ್ಟೇ ಅಲ್ಲ, ಅದರೊಡನೆ ಬೆರೆತ ಎಲ್ಲರ ಹಾಲೂ ಹೋಗುತ್ತದೆ. ಒಂದು ಆಕಳು, ಒಂದು ಎಮ್ಮೆ ಕಟ್ಟಿಕೊಂಡು ಮಕ್ಕಳ ಶಾಲೆಯ ಖರ್ಚು ತೂಗಿಸುವ ತಾಯಿಯ ಎರಡು ಲೀಟರ್ ಹಾಲೂ ಅದೇ ಕ್ಯಾನಿನಲ್ಲಿರುತ್ತದೆ.

ತಾರೀಖು ಬರೆಯುವುದೇ ಮೊದಲ ಔಷಧ

ಮೆಣಸಿನ ಗಿಡಕ್ಕೆ ಔಷಧ ಹೊಡೆದ ಮೇಲೆ ಇಷ್ಟು ದಿನ ಕಾಯಿ ಬಿಡಿಸಬಾರದು ಎಂಬ ನಿಯಮ ನಿಮಗೆ ಗೊತ್ತು. ಹಾಲಿಗೂ ಅಂಥದೇ ಕಾಯುವ ಅವಧಿ ಇದೆ. ದನದ ಔಷಧಗಳ ಲೇಬಲ್ಲಿನ ಮೇಲೆ ಈ ಅವಧಿಯನ್ನು ಬರೆಯಲೇಬೇಕೆಂದು 2012ರ ಜನವರಿಯಲ್ಲಿ ನಮ್ಮ ದೇಶದ ಔಷಧ ನಿಯಮಗಳಿಗೆ ತಿದ್ದುಪಡಿಯಾಯಿತು. ಪ್ರತ್ಯೇಕವಾಗಿ ನಿಗದಿಯಾಗದ ಔಷಧಗಳಿಗೆ ಹಾಲಿನ ವಿಷಯದಲ್ಲಿ ಅದು 7 ದಿನಕ್ಕೆ ಕಡಿಮೆ ಇರಬಾರದು. ಆದರೆ ಈ 7 ದಿನದ ಮಾತನ್ನು ಬತ್ತಿಸುವ ಟ್ಯೂಬಿಗೆ ಹಚ್ಚಿಕೊಳ್ಳಬೇಡಿ. ಅದರ ಅವಧಿ ಬಹಳ ಉದ್ದ. ಒಂದು ಔಷಧಕ್ಕೆ 30 ದಿನ, ಇನ್ನೊಂದಕ್ಕೆ 42 ದಿನ, ಮತ್ತೊಂದಕ್ಕೆ ಇನ್ನೂ ಹೆಚ್ಚು. ಈದ ಮೇಲೆ ಮೂರು ನಾಲ್ಕು ದಿನ ಬೇರೆ. ನಿಮ್ಮ ಕೈಯಲ್ಲಿರುವ ಡಬ್ಬಿಯ ಮೇಲೆ ಏನಿದೆಯೋ ಅದೇ ಲೆಕ್ಕ.

ಆಕಳಿನ ಗಬ್ಬದ ಕಾಲ ಸುಮಾರು 280 ದಿನ, ಎಮ್ಮೆಯದು ಸುಮಾರು 310 ದಿನ. ಹಾಗಾಗಿ ಗರ್ಭಧಾರಣೆಯಾದ 220ನೆಯ ದಿನ ಆಕಳನ್ನೂ, 250ನೆಯ ದಿನ ಎಮ್ಮೆಯನ್ನೂ ಬತ್ತಿಸಬೇಕು. ಉದಾಹರಣೆಗೆ, ಜೂನ್ 1ರಂದು ಗರ್ಭಧಾರಣೆಯಾದ ಆಕಳು ಮಾರ್ಚ್ 8ರ ಸುಮಾರಿಗೆ ಈಯುತ್ತದೆ. ಅದನ್ನು ಜನವರಿ 7ಕ್ಕೆ ಬತ್ತಿಸಬೇಕು.

ಗೋದಲಿಯ ಮೇಲಿನ ಗೋಡೆಯಲ್ಲೇ ಇಷ್ಟನ್ನು ಬರೆಯಿರಿ: ಗರ್ಭಧಾರಣೆಯ ತಾರೀಖು, ಬತ್ತಿಸಿದ ತಾರೀಖು, ಔಷಧದ ಹೆಸರು, ಹಾಲು ಉಪಯೋಗಿಸಬಹುದಾದ ತಾರೀಖು. ಎರಡು ಸಲ ಗರ್ಭಧಾರಣೆ ಮಾಡಿಸಿದ್ದರೆ ಎರಡೂ ತಾರೀಖು ಇರಲಿ. ಎರಡು ಮೂರು ತಿಂಗಳಿಗೆ ಡಾಕ್ಟರಿಂದ ಗಬ್ಬ ಪರೀಕ್ಷೆ ಮಾಡಿಸಿ ಯಾವ ತಾರೀಖು ನಿಜವೆಂದು ಖಚಿತ ಮಾಡಿಕೊಳ್ಳಿ. ನಮ್ಮ ಅಕ್ಕನ ಮನೆಯಲ್ಲಿ ತಪ್ಪಿದ್ದು ಇದೇ.

ಎಲ್ಲ ಆಕಳಿಗೂ ಔಷಧ ಬೇಕೇ?

ಬೇಕಾಗಿಲ್ಲ. ಯುರೋಪಿನ ಒಕ್ಕೂಟದಲ್ಲಿ 2022ರ ಜನವರಿ 28ರಿಂದ ಜಾರಿಗೆ ಬಂದ ಕಾನೂನು ದನಗಳಿಗೆ ಪ್ರತಿಜೀವಕಗಳನ್ನು ವಾಡಿಕೆಯಂತೆ ಕೊಡುವುದನ್ನು ನಿಷೇಧಿಸಿದೆ. ಬೇಕಾದ ಆಕಳಿಗೆ ಮಾತ್ರ ಔಷಧ ಎಂಬುದು ಈಗಿನ ಪದ್ಧತಿ.

ಬತ್ತಿಸುವ ಒಂದೆರಡು ವಾರ ಮುಂಚೆ ನಾಲ್ಕೂ ಮೊಲೆಗಳ ಹಾಲನ್ನು ಬೇರೆ ಬೇರೆ ಪರೀಕ್ಷಿಸಿ. ಮನೆಯಲ್ಲಿ ಮಾಡಬಹುದಾದ ಒಂದು ಸುಲಭ ವಿಧಾನವಿದೆ. ಬಟ್ಟೆ ತೊಳೆಯುವ ಪುಡಿಯನ್ನು ಲೀಟರ್ ನೀರಿಗೆ 30 ಗ್ರಾಂನಂತೆ ಕರಗಿಸಿ. ಬಟ್ಟಲಿನಲ್ಲಿ ಅಷ್ಟೇ ಹಾಲು, ಅಷ್ಟೇ ಈ ನೀರು ಹಾಕಿ ಮೆಲ್ಲಗೆ ತಿರುಗಿಸಿ. ಲೋಳೆಯಂತೆ ಗಟ್ಟಿಯಾದರೆ ಆ ಮೊಲೆಯಲ್ಲಿ ಕಣ್ಣಿಗೆ ಕಾಣದ ಬಾವು ಇದೆಯೆಂದು ತಿಳಿಯಬೇಕು. ಡಾಕ್ಟರಿಗೆ ತೋರಿಸಿ. ಔಷಧ ಬೇಕೇ, ಯಾವುದು, ಎಷ್ಟು ಎಂಬುದನ್ನು ಅವರೇ ಹೇಳಬೇಕು. ಅಂಗಡಿಯವರಲ್ಲ, ಪಕ್ಕದ ಮನೆಯವರಲ್ಲ, ಫೋನಿನಲ್ಲಿ ನನ್ನಂಥವರೂ ಅಲ್ಲ. ಈ ಸೂಲಿನಲ್ಲಿ ಕೆಚ್ಚಲು ಬಾವು ಬಾರದ, ಪರೀಕ್ಷೆಯಲ್ಲಿ ಶುದ್ಧವೆಂದು ಕಂಡ ಆಕಳಿಗೆ ಔಷಧವಿಲ್ಲದೆ ಮೊಲೆಯ ತೂತನ್ನು ಮಾತ್ರ ಮುಚ್ಚುವ ಮುಲಾಮು ಸಾಕೆಂದು ಅವರು ಹೇಳಬಹುದು. ಅದರಲ್ಲಿ ಪ್ರತಿಜೀವಕ ಇರುವುದಿಲ್ಲ. ಪಶು ಆಸ್ಪತ್ರೆ ದೂರವಿದ್ದರೆ 1962ಕ್ಕೆ ಫೋನು ಮಾಡಿ.

ಮೇವಿನಿಂದ ಬತ್ತಿಸುವ ಕ್ರಮ

ಇದು ನನ್ನ ವಿಷಯ. ಬತ್ತಿಸುವ ದಿನಕ್ಕೆ ಒಂದು ವಾರ ಮುಂಚೆ ಹತ್ತಿಕಾಳು, ಹಿಂಡಿ, ಪಶು ಆಹಾರವನ್ನು ಕಡಿಮೆ ಮಾಡುತ್ತ ಬಂದು ನಿಲ್ಲಿಸಬೇಕು. ಹಸಿ ಮೇವನ್ನೂ ಕಡಿಮೆ ಮಾಡಿ ಜೋಳದ ಕಣಿಕೆಯನ್ನು ಹೊಟ್ಟೆತುಂಬ ಕೊಡಬೇಕು. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬಂದ ಮೇಲೆ ನಮ್ಮ ಕಡೆ ಭತ್ತದ ಹುಲ್ಲು ಹೆಚ್ಚಾಗಿದೆ. ಈ ಒಂದು ವಾರಕ್ಕೆ ಅದೂ ನಡೆಯುತ್ತದೆ. ಆದರೆ ಗಬ್ಬದ ಆಕಳನ್ನು ಅದರ ಮೇಲೆಯೇ ಎರಡು ತಿಂಗಳು ನಿಲ್ಲಿಸಬಾರದು.

ನೀರನ್ನು ಮಾತ್ರ ಕಡಿಮೆ ಮಾಡಬಾರದು. ನೀರು ಕೊಡದೆ ಹಾಲು ಬತ್ತಿಸುವ ಹಳೆಯ ರೂಢಿ ಕ್ರೂರವಾದುದು. ರಾಯಚೂರಿನ ಬಿಸಿಲಿನಲ್ಲಿ ಅದು ಆಕಳ ಜೀವಕ್ಕೇ ಅಪಾಯ.

ಹೀಗೆ ಮಾಡಿದಾಗ ಹಾಲು ತಾನೇ ಇಳಿಯುತ್ತದೆ. ಹೆಚ್ಚು ಹಾಲಿನ ಆಕಳಾದರೆ ಕೆಲವು ದಿನ ಒಂದೇ ಹೊತ್ತು ಹಿಂಡಿ. ಅರ್ಧ ಹಿಂಡಿ ಅರ್ಧ ಬಿಡುವುದು ಸರಿಯಲ್ಲ. ಗೊತ್ತಾದ ದಿನ ಪೂರ್ತಿ ಹಿಂಡಿ ನಿಲ್ಲಿಸಿಬಿಡಬೇಕು.

ಡಾಕ್ಟರು ಟ್ಯೂಬು ಹೇಳಿದ್ದರೆ ಅದನ್ನು ಅವರಿಂದಲೇ ಹಾಕಿಸುವುದು ಉತ್ತಮ. ಹಾಕುವ ಮುಂಚೆ ಕೈ ತೊಳೆದು, ಸ್ಪಿರಿಟ್ಟಿನ ಹತ್ತಿಯಿಂದ ಮೊಲೆಯ ತುದಿಗಳನ್ನು ಒರೆಸಬೇಕು. ಒರೆಸುವಾಗ ದೂರದ ಮೊಲೆಗಳು ಮೊದಲು, ಔಷಧ ಹಾಕುವಾಗ ಹತ್ತಿರದವು ಮೊದಲು. ಆಗ ಒರೆಸಿದ ಮೊಲೆಗೆ ಕೈ ತಾಗುವುದಿಲ್ಲ. ಒಂದು ಮೊಲೆಗೆ ಒಂದು ಟ್ಯೂಬು. ಒಂದನ್ನು ಎರಡಕ್ಕೆ ಹಂಚಬಾರದು. ಆಕಳ ಕಾಲಿಗೆ ಒಂದು ಕೆಂಪು ಬಟ್ಟೆ ಕಟ್ಟಿ. ಮನೆಯವರಲ್ಲಿ ಯಾರೇ ಹಿಂಡಲು ಕುಳಿತರೂ ಅದು ಕಣ್ಣಿಗೆ ಬೀಳಬೇಕು.

ಮೂರು ನಾಲ್ಕು ದಿನ ಕೆಚ್ಚಲು ತುಂಬಿಕೊಳ್ಳುತ್ತದೆ, ಆಮೇಲೆ ಇಳಿಯುತ್ತದೆ. ನೋಡೋಣವೆಂದು ಹಿಂಡಬೇಡಿ. ಒಂದು ಭಾಗ ಕೆಂಪಾಗಿ, ಬಿಸಿಯಾಗಿ, ನೋವಿದ್ದರೆ ಮಾತ್ರ ಡಾಕ್ಟರನ್ನು ಕರೆಯಿರಿ. ಕೆಚ್ಚಲು ಇಳಿದ ಮೇಲೆ ಒಳ್ಳೆಯ ಮೇವು ಮತ್ತೆ ಕೊಡಿ. ಈಯುವ ಮೂರು ವಾರ ಮುಂಚಿನಿಂದ ದಾಣಿಯನ್ನು ನಿಧಾನವಾಗಿ ಹೆಚ್ಚಿಸಿ.

ಬೇಗ ಈದರೆ?

ಲೇಬಲ್ಲಿನ ಅವಧಿಗೆ ಮುಂಚೆಯೇ ಆಕಳು ಈದರೆ, ಉಳಿದ ದಿನಗಳಿಗೆ ಈದ ಮೇಲಿನ ದಿನಗಳನ್ನು ಕೂಡಿಸಿ ಅಷ್ಟು ದಿನ ಹಾಲು ಹಾಕಬಾರದು. 42 ಮತ್ತು 4 ದಿನದ ಔಷಧ ಹಾಕಿದ ಆಕಳು 30ನೆಯ ದಿನ ಈದರೆ 12 ಮತ್ತು 4, ಒಟ್ಟು 16 ದಿನ. ಲೇಬಲ್ಲಿನಲ್ಲಿ ಬೇರೆ ಹೇಳಿದ್ದರೆ ಅದನ್ನೇ ಪಾಲಿಸಿ.

ಆ ಸೂಲಿನಲ್ಲಿ ಗಿಣ್ಣ ಹಂಚಬಾರದು. ಸಮಯಕ್ಕೆ ಸರಿಯಾಗಿ ಈದರೂ, ಈದ ಮೇಲೆ ಕಾಯಬೇಕಾದ ಮೂರು ನಾಲ್ಕು ದಿನ ಗಿಣ್ಣದ ದಿನಗಳೇ ಎಂಬುದನ್ನು ಮರೆಯಬೇಡಿ. ಟ್ಯೂಬು ಹಾಕಿದ ಆಕಳ ಗಿಣ್ಣ ಕರುವಿನದು ಮಾತ್ರ. ಕರುವಿಗೆ ಅದನ್ನು ಹುಟ್ಟಿದ ಎರಡು ತಾಸಿನೊಳಗೆ ತಪ್ಪದೆ ಕುಡಿಸಿ. ಅದಿಲ್ಲದೆ ಕರು ಬದುಕುವುದು ಕಷ್ಟ. ಆದರೆ ಆಮೇಲಿನ ಔಷಧದ ಹಾಲನ್ನು ದಿನಗಟ್ಟಲೆ ಕರುಗಳಿಗೆ ಹಾಕುವುದು ಒಳ್ಳೆಯದಲ್ಲ, ಅವುಗಳ ಹೊಟ್ಟೆಯಲ್ಲೂ ಔಷಧಕ್ಕೆ ಬಗ್ಗದ ರೋಗಾಣು ಬೆಳೆಯುತ್ತವೆ. ಇದನ್ನು ಡಾಕ್ಟರನ್ನು ಕೇಳಿ ಮಾಡಿ. ಚೆಲ್ಲಬೇಕಾದ ಹಾಲನ್ನು ಹಳ್ಳಕ್ಕೆ, ಕಾಲುವೆಗೆ ಬಿಡದೆ ಬಾವಿಯಿಂದ ದೂರ ಗುಂಡಿ ತೋಡಿ ಮಣ್ಣು ಮುಚ್ಚಿ.

ಸಂತೆಯಲ್ಲಿ ಗಬ್ಬದ ಆಕಳು ಕೊಳ್ಳುವವರು ಹಲ್ಲು, ಸುಳಿ ನೋಡುವುದರ ಜೊತೆಗೆ 'ಬತ್ತಿಸುವಾಗ ಟ್ಯೂಬು ಹಾಕಿದ್ದೀರಾ? ಯಾವತ್ತು?' ಎಂದು ಕೇಳಿ. ಮಾರುವವರು ಸತ್ಯ ಹೇಳಿ. ಉತ್ತರ ಸಿಗದಿದ್ದರೆ, ಈದ ಮೇಲೆ ಸಂಘಕ್ಕೆ ಹೇಳಿ ಹಾಲನ್ನು ಪರೀಕ್ಷೆ ಮಾಡಿಸಿದ ನಂತರವೇ ಹಾಕತಕ್ಕದ್ದು.

ಕಡೆಯ ಮಾತು

ಬಾಂಧವರೇ, ಔಷಧ ಕೆಟ್ಟದ್ದಲ್ಲ. ಬೇಕಾದ ಆಕಳಿಗೆ, ಬೇಕಾದ ದಿನ ಹಾಕಿದರೆ ಅದು ಕೆಚ್ಚಲನ್ನು ಕಾಪಾಡುತ್ತದೆ. ಲೆಕ್ಕ ತಪ್ಪಿ ಹಾಕಿದರೆ ಮಾತ್ರ ಅದೇ ಔಷಧ ಮತ್ತೊಬ್ಬರ ಮನೆಯ ಒಲೆಯ ಮೇಲೆ ಹಾಲಾಗಿ ಕುದಿಯುತ್ತದೆ. ಹಾಲು ಕೊಳ್ಳುವವರು ಅದನ್ನು ಕಣ್ಣಿನಿಂದ ಕಾಣಲಾರರು, ಮೂಗಿನಿಂದ ತಿಳಿಯಲಾರರು, ಕಾಸಿ ಕಳೆಯಲಾರರು. ಅದನ್ನು ತಡೆಯಬಲ್ಲವರು ಹಿಂಡುವವರೊಬ್ಬರೇ.

ನಮ್ಮ ಅಕ್ಕ ಈಗ ಗೋದಲಿಯ ಗೋಡೆಗೆ ಸುಣ್ಣ ಬಳಿದು ಇದ್ದಿಲಿನಿಂದ ತಾರೀಖು ಬರೆಯುತ್ತಾಳೆ. ಮುಂದಿನ ಸೂಲಿನಲ್ಲಿ ಪರೀಕ್ಷೆ ಮಾಡಿದಾಗ ಆಕಳ ಕೆಚ್ಚಲು ಶುದ್ಧವಾಗಿತ್ತು. ಡಾಕ್ಟರು ಪ್ರತಿಜೀವಕ ಬೇಡವೆಂದರು. ಆ ಸಲದ ಗಿಣ್ಣವನ್ನು ಅವಳು ಮತ್ತೆ ಓಣಿಗೆಲ್ಲ ಕೊಟ್ಟಳು. ನೀವೂ ಇವತ್ತು ಮನೆಗೆ ಹೋದ ಕೂಡಲೇ ನಿಮ್ಮ ಗೋದಲಿಯ ಗೋಡೆಯ ಮೇಲೆ ಮೊದಲ ತಾರೀಖನ್ನು ಬರೆಯಿರಿ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.